ಕೆಲಸದ ಅಂಗಿಗೆ ಅಂಟಿ ಬರುವ ದೂಳು

ಗಂಡಸರು ಕೆಲಸದಿಂದ ಬಂದು ಬಿಚ್ಚಿಟ್ಟ ಅಂಗಿಯನ್ನು ಒಗೆಯುವ ಮೊದಲು ಎರಡು ಸಲ ಜೋರಾಗಿ ಕೊಡವುವುದು ನಮ್ಮಲ್ಲಿ ಹೆಚ್ಚಿನವರ ಅಭ್ಯಾಸ. ಮಣ್ಣಿನ ದೂಳಾದರೆ ಪರವಾಗಿಲ್ಲ. ಆದರೆ ಅದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ದೂಳಾಗಿದ್ದರೆ?

1965ರಲ್ಲಿ ಲಂಡನ್ನಿನಲ್ಲಿ ನ್ಯೂಹೌಸ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಸಂಶೋಧಕಿಯರು ಮೆಸೊಥೆಲಿಯೋಮ ಎಂಬ ಕ್ಯಾನ್ಸರಿನ 76 ರೋಗಿಗಳ ಹಿನ್ನೆಲೆ ಹುಡುಕಿದರು. ಅವರಲ್ಲಿ ಒಂಬತ್ತು ಮಂದಿ ಕಾರ್ಖಾನೆಯಲ್ಲಿ ದುಡಿದವರೇ ಅಲ್ಲ, ಕಲ್ನಾರಿನ ಕೆಲಸ ಮಾಡುವವರ ಮನೆಮಂದಿ. ಹೆಚ್ಚಿನವರು ಗಂಡನ ಕೆಲಸದ ಬಟ್ಟೆ ಒಗೆಯುತ್ತಿದ್ದ ಹೆಂಡತಿಯರು! ನಮ್ಮಂಥವರೇ ನೋಡಿ.

ಲಂಡನ್ ದೂರವಾಯಿತು ಅನ್ನಬೇಡಿ. ಶಂಕರಪುರ, ಕಾಪು, ಕಾರ್ಕಳದ ಕಡೆ ಮುಂಬೈಗೆ ಹೋದವರಿಲ್ಲದ ಮನೆ ಕಡಿಮೆ. ಹೋಟೆಲಿನ ಮಾತು ಎಲ್ಲರೂ ಆಡುತ್ತಾರೆ, ಕಾರ್ಖಾನೆಗೆ ಸೇರಿದವರನ್ನು ಮರೆತುಬಿಡುತ್ತೇವೆ. ಮುಂಬೈಯ ಒಂದು ಕಲ್ನಾರು ಕಾರ್ಖಾನೆಯ 181 ಕಾರ್ಮಿಕರನ್ನು ಪರೀಕ್ಷಿಸಿ ಮುರಳೀಧರ್ ಮತ್ತು ಕಾನ್ಹೆರೆ 2005ರಲ್ಲಿ ವರದಿ ಪ್ರಕಟಿಸಿದರು. 41 ಮಂದಿಗೆ ಆಸ್ಬೆಸ್ಟೋಸಿಸ್ ಇತ್ತು. ಅಂದರೆ ಕಲ್ನಾರಿನ ಸೂಕ್ಷ್ಮ ಎಳೆಗಳು ಒಳಗೆ ಹೊಕ್ಕು ಶ್ವಾಸಕೋಶವೇ ಗಟ್ಟಿಯಾಗುವ ಕಾಯಿಲೆ.

ಇದರ ಕೆಟ್ಟ ಗುಣವೆಂದರೆ ತಾಳ್ಮೆ. ದೂಳು ಕುಡಿದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮಾವ ನಿವೃತ್ತರಾಗಿ ಊರಿಗೆ ಬಂದು ಮಲ್ಲಿಗೆ ಗಿಡಕ್ಕೆ ನೀರು ಹಾಕಿಕೊಂಡು ಇರುತ್ತಾರೆ. ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತೇವೆ. ಡಾಕ್ಟರರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: ಇಂಥ ಕಡೆ, ಇಷ್ಟು ವರ್ಷ, ಇಂಥ ಕೆಲಸ. ಶೀಟು, ಬ್ರೇಕ್ ಲೈನರ್, ಬಾಯ್ಲರಿಗೆ ಸುತ್ತುವ ಹಗ್ಗ, ಎಲ್ಲದರಲ್ಲೂ ಕಲ್ನಾರು ಬಳಸುತ್ತಿದ್ದರು. ಬೀಡಿ ಸಿಗರೇಟು ಸೇದುವವರಿಗಂತೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು.

ಇನ್ನು ಪರಿಹಾರದ ವಿಷಯ. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಟ್ಟಿರಬೇಕೆಂದು ಕಾರ್ಖಾನೆಗಳಿಗೆ ಹೇಳಿತು. ಕಾಯಿಲೆ ಖಚಿತವಾದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರಕ್ಕೂ ಆದೇಶಿಸಿತು. ಹಾಗಂತ ಕಲ್ನಾರು ನಿಷೇಧವಾಗಲಿಲ್ಲ. ಅರುವತ್ತಕ್ಕೂ ಹೆಚ್ಚು ದೇಶಗಳು ಬೇಡವೆಂದದ್ದು ನಮ್ಮಲ್ಲಿ ಈಗಲೂ ಹಡಗಿನಲ್ಲಿ ಬಂದು ಇಳಿಯುತ್ತಿದೆ. ಇದೇನು ನ್ಯಾಯವೋ!

ಆಸ್ಬೆಸ್ಟೋಸಿಸ್ ಕಾನೂನಿನ ಪ್ರಕಾರ ಉದ್ಯೋಗಜನ್ಯ ರೋಗ. ಮೊದಲು 1923ರ ಪರಿಹಾರ ಕಾಯ್ದೆ, ಇಎಸ್‌ಐ ಕಾಯ್ದೆಗಳಲ್ಲಿ ಇದ್ದದ್ದು 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿದೆ. ಆದರೆ ಕೇಳುವುದು ಸಾಕ್ಷಿ. ಹಾಗಾಗಿ ಹಳೆ ಟ್ರಂಕು ಖಾಲಿ ಮಾಡುವ ಉತ್ಸಾಹದಲ್ಲಿ ಇಎಸ್‌ಐ ಕಾರ್ಡು, ಸಂಬಳದ ಚೀಟಿ, ನೇಮಕಾತಿ ಪತ್ರ, ಪಿಎಫ್ ಕಾಗದ, ಕಾರ್ಖಾನೆಯ ಗುರುತಿನ ಬಿಲ್ಲೆ, ಯಾವುದನ್ನೂ ಗುಜರಿಗೆ ಹಾಕಬೇಡಿ. ಎಕ್ಸ್‌ರೇ, ಸ್ಕ್ಯಾನ್, ಉಸಿರಿನ ಪರೀಕ್ಷೆಯ ವರದಿಗಳೂ ಅದರ ಜೊತೆಗೇ ಇರಲಿ. ಒಟ್ಟಿಗೆ ದುಡಿದವರ ವಿಳಾಸ ಮಾವನಿಗೆ ನೆನಪಿರುವಾಗಲೇ ಬರೆದಿಡಿ.

ನಮ್ಮ ಹಟ್ಟಿ, ಬಚ್ಚಲುಕೊಟ್ಟಿಗೆಯ ಸಿಮೆಂಟ್ ಶೀಟಿನ ಬಗ್ಗೆ ಗಾಬರಿ ಬೇಡ. ಗಟ್ಟಿಯಿದ್ದು ಸುಮ್ಮನೆ ಮಾಡಿನ ಮೇಲಿದ್ದರೆ ದೂಳು ಏಳುವುದು ಕಡಿಮೆ. ಕೊಯ್ಯುವಾಗ, ತೂತು ಕೊರೆಯುವಾಗ, ಮಳೆಗಾಲಕ್ಕೆ ಮುಂಚೆ ಪಾಚಿಯನ್ನು ಒಣಗಿದ್ದಾಗ ಕೆರೆಯುವಾಗ ಅಪಾಯ. ಒಡೆದ ಚೂರನ್ನು ಹಿಡಿಸೂಡಿಯಲ್ಲಿ ಗುಡಿಸದೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಕೆಲಸದ ಬಟ್ಟೆಯನ್ನೂ ಕೊಡವದೆ ನೀರಲ್ಲಿ ಅದ್ದಿ, ಮಕ್ಕಳ ಬಟ್ಟೆಯಿಂದ ಬೇರೆಯಾಗಿ ಒಗೆಯಿರಿ.

ಪರಿಹಾರದ ಅರ್ಜಿಗೆ ಸಾಮಾನ್ಯವಾಗಿ ಎರಡು ವರ್ಷದ ಗಡುವಿರುತ್ತದೆ, ರೋಗ ಗೊತ್ತಾದ ಮೇಲೆ ತಡಮಾಡಬೇಡಿ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಗಂಡನನ್ನು ಕಳೆದುಕೊಂಡ ಅತ್ತೆಯ ಹೆಸರಿನಲ್ಲೂ ಅರ್ಜಿ ಕೊಡಬಹುದು.