ಜಾನ್‌ಸ್ಟನ್ ನೌಕೆಯ ಕೊನೆಯ ಬೆಳಗು

೧೯೪೪ನೆಯ ಇಸವಿ ಅಕ್ಟೋಬರ್ ೨೫ನೆಯ ತಾರೀಖು. ಫಿಲಿಪೈನ್ಸ್ ದ್ವೀಪಸ್ತೋಮಕ್ಕೆ ಸೇರಿದ ಸಮಾರ್ ದ್ವೀಪದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಆಗತಾನೆ ಬೆಳಕು ಹರಿದಿತ್ತು. ಆರು ಸಣ್ಣ ವಿಮಾನವಾಹಕ ನೌಕೆಗಳೂ ಅವುಗಳ ಕಾವಲಿಗೆಂದು ಬಂದ ಏಳು ನೌಕೆಗಳೂ ತಮ್ಮ ದಿನಚರಿಯಲ್ಲಿ ತೊಡಗಿದ್ದವು. ಲೆಯ್ಟೆ ದ್ವೀಪದಲ್ಲಿ ಐದು ದಿನಗಳ ಹಿಂದೆ ಇಳಿದಿದ್ದ ಅಮೆರಿಕನ್ ಸೈನ್ಯಕ್ಕೆ ವಿಮಾನಗಳ ನೆರವನ್ನು ಒದಗಿಸುವುದು, ಶತ್ರುವಿನ ಜಲಾಂತರ್ಗಾಮಿಗಳನ್ನು ಅಟ್ಟುವುದು ಅವುಗಳ ಕೆಲಸ. ಮಹಾಯುದ್ಧನೌಕೆಗಳೊಡನೆ ಸೆಣಸುವುದಕ್ಕಾಗಿ ಅವನ್ನು ಅಲ್ಲಿಗೆ ಕಳುಹಿಸಿರಲಿಲ್ಲ.

ಏಳು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದವು. ಕ್ಷಿತಿಜದ ಅಂಚಿನಲ್ಲಿ ಎತ್ತರವಾದ ಗೋಪುರಗಳಂಥ ಪಟಸ್ತಂಭಗಳು ಮೂಡಿದವು. ಅವು ಜಪಾನಿನ ಯುದ್ಧನೌಕೆಗಳು! ಮರುಗಳಿಗೆಯಲ್ಲೇ ಗುಂಡುಗಳು ನೀರಿಗೆ ಬಿದ್ದು ಕೆಂಪು, ಹಳದಿ, ಹಸಿರು ಬಣ್ಣದ ಜಲಸ್ತಂಭಗಳನ್ನು ಎಬ್ಬಿಸತೊಡಗಿದವು. ಯಾವ ನೌಕೆಯ ಗುಂಡು ಎಲ್ಲಿ ಬಿತ್ತೆಂದು ಗುರುತಿಸಲು ಜಪಾನೀಯರು ಗುಂಡುಗಳಲ್ಲಿ ಬಣ್ಣ ತುಂಬುತ್ತಿದ್ದರು.

ಆನೆ ಮತ್ತು ಇರುವೆ

ಅಡ್ಮಿರಲ್ ಕುರಿತನ ಕೈಕೆಳಗೆ ನಾಲ್ಕು ಮಹಾಯುದ್ಧನೌಕೆಗಳು, ಆರು ಭಾರಿ ಕ್ರೂಸರುಗಳು, ಎರಡು ಹಗುರ ಕ್ರೂಸರುಗಳು ಮತ್ತು ಹನ್ನೊಂದು ಡೆಸ್ಟ್ರಾಯರುಗಳಿದ್ದವು. ಜಗತ್ತಿನಲ್ಲೇ ಅತಿ ದೊಡ್ಡ ಯುದ್ಧನೌಕೆಗಳಲ್ಲಿ ಒಂದಾದ 'ಯಾಮಾಟೊ' ಅವುಗಳ ನಡುವೆ ಇತ್ತು. ಅದರ ತೂಕ ಸುಮಾರು ೭೦,೦೦೦ ಟನ್. ಫಿರಂಗಿಗಳ ಬಾಯಿಯ ಅಗಲ ೧೮ ಅಂಗುಲ. ಅದರ ಒಂದೊಂದು ಗುಂಡೂ ಸುಮಾರು ಒಂದೂವರೆ ಟನ್ ತೂಗುತ್ತಿತ್ತು.

ಇದಕ್ಕೆ ಇದಿರಾಗಿ ನಿಂತ 'ಜಾನ್‌ಸ್ಟನ್' ಎಂಥದು? ಅದು ಡೆಸ್ಟ್ರಾಯರ್, ಅಂದರೆ ವಿನಾಶಕ ನೌಕೆ. ಹೆಸರು ಘನವಾದರೂ ಮೈ ಹಗುರ. ತೂಕ ೨,೧೦೦ ಟನ್, ಐದು ಅಂಗುಲದ ಐದು ಫಿರಂಗಿಗಳು, ಹತ್ತು ಟಾರ್ಪೆಡೊಗಳು, ಮೈಗೆ ಕವಚವಿಲ್ಲದ ತೆಳು ಉಕ್ಕಿನ ಹೊದಿಕೆ. ಅಮೆರಿಕನ್ ನಾವಿಕರು ಇಂಥ ಹಡಗುಗಳನ್ನು 'ತಗಡಿನ ಡಬ್ಬ'ಗಳೆಂದು ತಮಾಷೆಗೆ ಕರೆಯುತ್ತಿದ್ದುದು ಸುಮ್ಮನಲ್ಲ. ಓಟದ ವೇಗವೊಂದೇ ಅದಕ್ಕಿದ್ದ ರಕ್ಷೆ.

ಆ ಹಡಗಿನ ನಾಯಕ ಕಮಾಂಡರ್ ಅರ್ನೆಸ್ಟ್ ಇವಾನ್ಸ್. ಒಕ್ಲಹೋಮದಲ್ಲಿ ಹುಟ್ಟಿದ ಆತನ ಮೈಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಮತ್ತು ಕ್ರೀಕ್ ಜನಗಳ ರಕ್ತ ಹರಿಯುತ್ತಿತ್ತು. ೧೯೪೨ರ ಆರಂಭದಲ್ಲಿ ಜಾವಾ ಸಮುದ್ರದಲ್ಲಿ ಮಿತ್ರರಾಷ್ಟ್ರಗಳ ನೌಕಾಬಲ ನುಚ್ಚುನೂರಾದಾಗ ಆತ ಅಲ್ಲಿ 'ಆಲ್ಡನ್' ಎಂಬ ಹಳೆಯ ಡೆಸ್ಟ್ರಾಯರಿನಲ್ಲಿದ್ದ. ೧೯೪೩ರ ಅಕ್ಟೋಬರ್ ೨೭ರಂದು ಸಿಯಾಟಲ್ ಬಂದರಿನಲ್ಲಿ ಜಾನ್‌ಸ್ಟನ್ ಸೇವೆಗೆ ಸೇರಿದ ದಿನ ಆತ ತನ್ನ ನಾವಿಕರನ್ನು ಸಾಲಾಗಿ ನಿಲ್ಲಿಸಿ ಒಂದು ಮಾತನ್ನು ಸ್ಪಷ್ಟಪಡಿಸಿದ: ಇದು ಹೋರಾಡುವ ಹಡಗು, ಅಪಾಯವಿದ್ದೆಡೆಗೇ ಇದು ಹೋಗಲಿದೆ, ಒಲ್ಲದವರು ಈಗಲೇ ಇಳಿಯಬಹುದು. ಯಾರೂ ಇಳಿಯಲಿಲ್ಲ.

ಮುಂದಿನ ಒಂದು ವರ್ಷದಲ್ಲಿ ಆ ಹಡಗು ಮಾರ್ಷಲ್ ದ್ವೀಪಗಳ ದಂಡೆಗಳ ಮೇಲೆ ಗುಂಡಿನ ಮಳೆ ಸುರಿಸಿತು. ೧೯೪೪ರ ಮೇ ತಿಂಗಳಲ್ಲಿ ಇನ್ನೆರಡು ಹಡಗುಗಳೊಡನೆ ಕೂಡಿ ಜಪಾನಿನ ಜಲಾಂತರ್ಗಾಮಿಯೊಂದನ್ನು ಮುಳುಗಿಸಿತು. ಜುಲೈಯಲ್ಲಿ ಗುವಾಮ್ ದ್ವೀಪದ ಮುತ್ತಿಗೆಯಲ್ಲಿ ಪಾಲ್ಗೊಂಡಿತು. ಆದರೆ ನಿಜವಾದ ಪರೀಕ್ಷೆ ಸಮಾರ್ ಬಳಿ ಕಾದಿತ್ತು.

ಅಪ್ಪಣೆಗೆ ಮುನ್ನ

ಅಮೆರಿಕದ ದೊಡ್ಡ ನೌಕಾಪಡೆ ಆಗ ಎಲ್ಲಿತ್ತು? ಜಪಾನೀಯರು ಒಡ್ಡಿದ ಬೇಟೆಯ ಆಸೆಗೆ ಒಳಗಾಗಿ ಅಡ್ಮಿರಲ್ ಹಾಲ್ಸಿ ಅದನ್ನು ಉತ್ತರಕ್ಕೆ ಕೊಂಡೊಯ್ದಿದ್ದ. ಬಾಗಿಲು ತೆರೆದೇ ಇತ್ತು. ಕಾಯಲು ಉಳಿದವು ಈ ಸಣ್ಣ ಹಡಗುಗಳು ಮಾತ್ರ.

ಇವಾನ್ಸ್ ಮೇಲಧಿಕಾರಿಯ ಅಪ್ಪಣೆಗೆ ಕಾಯಲಿಲ್ಲ. ವಿಮಾನವಾಹಕಗಳನ್ನು ಮರೆಮಾಡಲು ದಟ್ಟವಾದ ಹೊಗೆಯ ತೆರೆಯನ್ನು ಹರಡಿಸಿ, ಹಡಗಿನ ಮೂತಿಯನ್ನು ಶತ್ರುವಿನ ಕಡೆಗೇ ತಿರುಗಿಸಿದ. ತನ್ನ ಫಿರಂಗಿಗಳು ನಾಟುವ ದೂರ ಬರುವವರೆಗೆ ಜಾನ್‌ಸ್ಟನ್ ಏಟನ್ನು ತಪ್ಪಿಸಿಕೊಳ್ಳುತ್ತ ಓಡಬೇಕಾಯಿತು, ಉತ್ತರ ಕೊಡುವಂತಿರಲಿಲ್ಲ. ಸಮೀಪಿಸಿದೊಡನೆ 'ಕುಮಾನೊ' ಎಂಬ ಭಾರಿ ಕ್ರೂಸರಿನ ಮೇಲೆ ಒಂದೇ ಸಮನೆ ಗುಂಡು ಸುರಿಸಿ, ಹತ್ತು ಟಾರ್ಪೆಡೊಗಳನ್ನೂ ಬಿಟ್ಟು, ಹೊಗೆಯೊಳಗೆ ಮರೆಯಾಯಿತು. ಟಾರ್ಪೆಡೊ ಒಂದು ಕುಮಾನೊದ ಮೂತಿಯನ್ನು ಹಾರಿಸಿಬಿಟ್ಟಿತು. ಆ ಕ್ರೂಸರು ಕಾಳಗದಿಂದ ಹಿಂದೆ ಸರಿಯಿತು.

ಹೊಗೆಯಿಂದ ಹೊರಬಂದೊಡನೆ ಜಾನ್‌ಸ್ಟನ್ನಿಗೂ ಪೆಟ್ಟು ಬಿತ್ತು. ಮಹಾಯುದ್ಧನೌಕೆಯ ಮೂರು ಗುಂಡುಗಳು, ಅವುಗಳ ಹಿಂದೆಯೇ ಇನ್ನೂ ಮೂರು ಚಿಕ್ಕ ಗುಂಡುಗಳು ಬಡಿದವು. ಒಂದು ಎಂಜಿನು ನಿಂತಿತು. ವೇಗ ೧೭ ನಾಟಿಗೆ ಇಳಿಯಿತು. ಚುಕ್ಕಾಣಿಗೆ ಹೋಗುವ ವಿದ್ಯುತ್ತು ಕಡಿಯಿತು. ಇವಾನ್ಸನ ಎಡಗೈಯ ಎರಡು ಬೆರಳುಗಳು ಹಾರಿಹೋದವು. ಅದೃಷ್ಟವಶಾತ್ ಅದೇ ಹೊತ್ತಿಗೆ ಮಳೆಯೊಂದು ಸುರಿದು ಹಡಗನ್ನು ಮರೆಮಾಡಿತು. ಆ ಕೆಲವು ನಿಮಿಷಗಳಲ್ಲಿ ನಾವಿಕರು ಕೈಲಾದ ದುರಸ್ತಿ ಮಾಡಿಕೊಂಡರು.

ಇನ್ನು ಹಿಂದಿರುಗಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಟಾರ್ಪೆಡೊಗಳು ಮುಗಿದಿದ್ದವು, ವೇಗ ಅರ್ಧವಾಗಿತ್ತು. ಆದರೆ ಜೊತೆಯ ಡೆಸ್ಟ್ರಾಯರುಗಳು ದಾಳಿಗೆ ಹೊರಟಿದ್ದನ್ನು ಕಂಡು, ಅವಕ್ಕೆ ಫಿರಂಗಿಯ ಬೆಂಬಲವಾದರೂ ದೊರೆಯಲೆಂದು ಇವಾನ್ಸ್ ಕುಂಟುವ ಹಡಗನ್ನು ಮತ್ತೆ ಕಾಳಗಕ್ಕೆ ತಿರುಗಿಸಿದ.

ಕೊನೆಯ ಗಂಟೆ

'ಗ್ಯಾಂಬಿಯರ್ ಬೇ' ಎಂಬ ವಿಮಾನವಾಹಕವನ್ನು ಕ್ರೂಸರೊಂದು ಹೊಡೆಯುತ್ತಿದ್ದಾಗ ಗುಂಡುಗಳನ್ನು ತನ್ನ ಕಡೆಗೆ ಸೆಳೆಯಲು ಜಾನ್‌ಸ್ಟನ್ ಅದರ ಮೇಲೇರಿ ಹೋಯಿತು. ಅನಂತರ 'ಯಾಹಗಿ' ಎಂಬ ಹಗುರ ಕ್ರೂಸರಿನ ಹಿಂದೆ ಬರುತ್ತಿದ್ದ ಡೆಸ್ಟ್ರಾಯರುಗಳ ತಂಡಕ್ಕೆ ಒಂಟಿಯಾಗಿ ಅಡ್ಡನಿಂತಿತು. ಕಂಗೆಟ್ಟ ಜಪಾನೀಯರು ತಮ್ಮ ಟಾರ್ಪೆಡೊಗಳನ್ನು ಬಹು ದೂರದಿಂದಲೇ ಬಿಟ್ಟರು. ಒಂದೂ ಗುರಿ ಮುಟ್ಟಲಿಲ್ಲ.

ಮೇಲಿನ ಕಟ್ಟೆ ಉರಿಯತೊಡಗಿದಾಗ ಇವಾನ್ಸ್ ಹಡಗಿನ ಹಿಂಭಾಗಕ್ಕೆ ಬಂದು, ತೆರೆದ ಕಿಂಡಿಯೊಂದರ ಮೂಲಕ ಕೆಳಗೆ ಕೂಗಿ ಅಪ್ಪಣೆ ಕೊಡುತ್ತಿದ್ದ. ಕೆಳಗಿದ್ದ ನಾವಿಕರು ತೋಳಿನ ಬಲದಿಂದಲೇ ಚುಕ್ಕಾಣಿಯನ್ನು ತಿರುಗಿಸುತ್ತಿದ್ದರು. ಶತ್ರು ಹಡಗುಗಳು ಸುತ್ತುವರಿದವು. ಕಟ್ಟಕಡೆಗೆ ಉಳಿದ ಎಂಜಿನೂ ನಿಂತಿತು. ೯ ಗಂಟೆ ೪೫ ನಿಮಿಷಕ್ಕೆ ಹಡಗನ್ನು ಬಿಡುವಂತೆ ಆಜ್ಞೆಯಾಯಿತು. ೧೦ ಗಂಟೆ ೧೦ ನಿಮಿಷಕ್ಕೆ ಜಾನ್‌ಸ್ಟನ್ ನೀರೊಳಗೆ ಇಳಿಯಿತು. ಆಗ ಹತ್ತಿರ ಬಂದ ಜಪಾನೀ ಡೆಸ್ಟ್ರಾಯರಿನ ಮೇಲೆ ಅಧಿಕಾರಿಯೊಬ್ಬನು ನಿಂತು, ಮುಳುಗುವ ಹಡಗಿಗೆ ಕೈಯೆತ್ತಿ ವಂದಿಸಿದುದನ್ನು ಬದುಕಿ ಬಂದವರು ಹೇಳಿದ್ದಾರೆ.

ಅಷ್ಟರಲ್ಲಿ ಕುರಿತ ತನ್ನ ಹಡಗುಗಳನ್ನು ಹಿಂದಕ್ಕೆ ಕರೆದಿದ್ದ. ಸಣ್ಣ ಹಡಗುಗಳ ಈ ಹುಚ್ಚುಧೈರ್ಯವನ್ನೂ ಎಡೆಬಿಡದೆ ಎರಗುತ್ತಿದ್ದ ವಿಮಾನಗಳನ್ನೂ ಕಂಡು, ತನ್ನ ಮುಂದಿರುವುದು ಇನ್ನೂ ದೊಡ್ಡ ಪಡೆಯೆಂದೇ ಆತ ಭ್ರಮಿಸಿದ್ದ. ಲೆಯ್ಟೆಯ ದಂಡೆಯಲ್ಲಿದ್ದ ಸೈನ್ಯ ಉಳಿಯಿತು.

ನೀರಿನಲ್ಲಿ ಉಳಿದವರ ಕಷ್ಟ ಮಾತ್ರ ಮುಗಿಯಲಿಲ್ಲ. ಅವರಿದ್ದ ಸ್ಥಳವನ್ನು ತಪ್ಪಾಗಿ ತಿಳಿಸಿದ್ದರಿಂದ ರಕ್ಷಣೆ ಬರಲು ಎರಡು ಹಗಲು, ಎರಡು ರಾತ್ರಿ ಕಳೆಯಿತು. ಗಾಯ, ಬಾಯಾರಿಕೆ, ಷಾರ್ಕ್ ಮೀನುಗಳ ನಡುವೆ ತೆಪ್ಪಗಳನ್ನು ಹಿಡಿದು ತೇಲಿದವರು ಒಬ್ಬೊಬ್ಬರಾಗಿ ಕಡಮೆಯಾದರು. ೩೨೭ ಜನರಲ್ಲಿ ಬದುಕಿದವರು ೧೪೧. ಇವಾನ್ಸ್ ಅವರಲ್ಲಿರಲಿಲ್ಲ, ಆತನನ್ನು ಮತ್ತೆ ಯಾರೂ ಕಾಣಲಿಲ್ಲ. ಅಮೆರಿಕದ ಅತ್ಯುನ್ನತ ಶೌರ್ಯಪದಕ 'ಮೆಡಲ್ ಆಫ್ ಆನರ್' ಆತನಿಗೆ ಮರಣಾನಂತರ ಸಂದಿತು.

೨೦೨೧ರ ಮಾರ್ಚಿಯಲ್ಲಿ ಶೋಧಕರು ಕಿರುನೌಕೆಯಲ್ಲಿ ಸುಮಾರು ೬,೪೫೬ ಮೀಟರು ಆಳಕ್ಕೆ ಇಳಿದು ಜಾನ್‌ಸ್ಟನ್ನಿನ ಅವಶೇಷವನ್ನು ಕಂಡರು. ಮೂತಿಯ ಮೇಲೆ ೫೫೭ ಎಂಬ ಅದರ ಅಂಕಿ ಇನ್ನೂ ಅಳಿಸಿರಲಿಲ್ಲ.

ಬದುಕಿ ಉಳಿದವರನ್ನು ರಕ್ಷಣಾ ನೌಕೆಗಳು ಮೇಲೆತ್ತಿದ್ದು ೧೯೪೪ರ ಅಕ್ಟೋಬರ್ ೨೭ರಂದು. ಇಳಿಯುವವರು ಇಳಿಯಬಹುದೆಂದು ಅವರ ನಾಯಕ ಹೇಳಿ ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು.