ಹುಟ್ಟಿದಾರಭ್ಯ ಕೆಮ್ಮುವ ಮಗು: ನಂಬಿಕೆ ಮತ್ತು ವಾಸ್ತವ

‘ಅವನದು ಶೀತದ ಮೈ, ದೊಡ್ಡವನಾದ ಮೇಲೆ ಸರಿಹೋಗುತ್ತೆ.’ ವರ್ಷವಿಡೀ ಕೆಮ್ಮುವ ಮಗುವನ್ನು ಕಂಡಾಗ ಮನೆಯ ಹಿರಿಯರು ಹೇಳುವ ಮಾತಿದು. ಹೆಚ್ಚಿನ ಮಕ್ಕಳ ಮಟ್ಟಿಗೆ ಅದು ನಿಜವೂ ಆಗುತ್ತದೆ. ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರೆಂಟು ಸಲ ನೆಗಡಿ ಬರಬಹುದು. ಆದರೆ ಒಂದು ನೆಗಡಿ ಹೋಗಿ ಇನ್ನೊಂದು ಬರುವ ನಡುವೆ ಮೂಗು, ಎದೆ ತಿಳಿಯಾಗುತ್ತವೆ. ಹುಟ್ಟಿದ ಮೊದಲ ತಿಂಗಳುಗಳಿಂದಲೇ ಕಫದ ಕೆಮ್ಮು, ಕಟ್ಟಿದ ಮೂಗು ಒಂದು ದಿನವೂ ಬಿಡದಿದ್ದರೆ ಬಾಳೆಹಣ್ಣನ್ನೂ ತಣ್ಣೀರನ್ನೂ ದೂರುತ್ತ ಕೂರಬಾರದು. ಅದು ಪ್ರೈಮರಿ ಸಿಲಿಯರಿ ಡಿಸ್ಕಿನೇಶಿಯಾ, ಅಂದರೆ ಪಿಸಿಡಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಿರಬಹುದು.

ನಮ್ಮ ಮೂಗು ಮತ್ತು ಶ್ವಾಸನಾಳಗಳ ಒಳಪದರದಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ. ಗಾಳಿಗೆ ಭತ್ತದ ಗದ್ದೆ ತೂಗುವ ಹಾಗೆ ಇವು ಒಟ್ಟಾಗಿ ಬೀಸುತ್ತ ಧೂಳು, ರೋಗಾಣುಗಳು ಅಂಟಿದ ಲೋಳೆಯನ್ನು ಗಂಟಲಿನತ್ತ ಸಾಗಿಸುತ್ತವೆ. ಪಿಸಿಡಿ ಇರುವವರಲ್ಲಿ ಈ ಬೀಸುವಿಕೆ ನಿಂತಿರುತ್ತದೆ ಅಥವಾ ಹದ ತಪ್ಪಿರುತ್ತದೆ. ಲೋಳೆ ಇದ್ದಲ್ಲೇ ಉಳಿದು ಸೋಂಕು ಮರುಕಳಿಸುತ್ತದೆ. ಕಿವಿ ಸೋರುವುದೂ ಇದರ ಜೊತೆಗೇ ಬರುತ್ತದೆ.

‘ಹೃದಯ ಬಲಗಡೆಗಿದ್ದರೆ ಮಾತ್ರ ಈ ಕಾಯಿಲೆ’ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 1933ರಲ್ಲಿ ಸ್ವಿಸ್ ವೈದ್ಯ ಮಾನೆಸ್ ಕಾರ್ಟಾಜೆನರ್ ವಿವರಿಸಿದ ರೋಗಿಗಳಲ್ಲಿ ಸೈನಸ್ ತೊಂದರೆ ಮತ್ತು ಹಿಗ್ಗಿದ ಶ್ವಾಸನಾಳಗಳ ಜೊತೆಗೆ ಒಳಾಂಗಗಳು ಎಡಬಲ ಅದಲುಬದಲಾಗಿದ್ದವು. ಆ ಚಿತ್ರವೇ ಪಠ್ಯಗಳಲ್ಲಿ ನೆಲೆಯೂರಿತು. ವಾಸ್ತವದಲ್ಲಿ ಸುಮಾರು ಅರ್ಧದಷ್ಟು ರೋಗಿಗಳ ಹೃದಯ ಎಡಗಡೆಯೇ ಇರುತ್ತದೆ. ಇಂಥವರ ರೋಗ ಪತ್ತೆಯಾಗುವುದು ತಡವಾಗುತ್ತದೆ.

‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ!’ ಇರಬೇಕಾಗಿಯೂ ಇಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ತಂದೆ, ತಾಯಿ ಇಬ್ಬರಲ್ಲೂ ಒಂದೊಂದು ದೋಷಯುಕ್ತ ಜೀನ್ ಇದ್ದು, ಅವರು ಪೂರ್ಣ ಆರೋಗ್ಯವಾಗಿರುತ್ತಾರೆ. ಎರಡೂ ಪ್ರತಿಗಳು ಮಗುವಿಗೆ ಬಂದಾಗಲೇ ರೋಗ. ಅದರ ಸಂಭವ ಪ್ರತಿ ಗರ್ಭದಲ್ಲಿ ಶೇ 25. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಮನೆಗಳಲ್ಲಿ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ತಾಯಿಯೊಬ್ಬಳನ್ನೇ ದೂಷಿಸುವುದಂತೂ ಅನ್ಯಾಯ.

ಪೋಷಕರನ್ನು ಹೆಚ್ಚು ಹೆದರಿಸುವುದು ‘ಪತ್ತೆಗೆ ಆಪರೇಷನ್ ಬೇಕು, ಶ್ವಾಸಕೋಶದ ಚೂರು ತೆಗೆಯುತ್ತಾರೆ’ ಎಂಬ ಮಾತು. ಇಂದು ಐದು ವರ್ಷ ದಾಟಿದ ಮಗುವಿಗೆ ಮೂಗಿನ ಗಾಳಿಯಿಂದಲೇ ಪರೀಕ್ಷೆ ಶುರುಮಾಡಬಹುದು. ಸೈನಸ್‌ಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸಹಜವಾಗಿಯೇ ಹೇರಳವಾಗಿ ಉತ್ಪತ್ತಿಯಾಗುತ್ತದೆ; ಪಿಸಿಡಿ ಇರುವ ಬಹುತೇಕರಲ್ಲಿ ಅದು ತೀರಾ ಕಡಿಮೆ. ಮಗುವನ್ನು ಕೂರಿಸಿ, ಒಂದು ಹೊಳ್ಳೆಗೆ ಮೃದು ತುದಿಯ ಸಣ್ಣ ನಳಿಕೆ ಇಡುತ್ತಾರೆ. ಬಾಯಲ್ಲಿ ಕಿರಿದಾದ ಕೊಳವೆಯೊಂದನ್ನು ಕೊಟ್ಟು ಊದಿಸುತ್ತಾರೆ. ಜೋರಾಗಿ ಊದುವಾಗ ಕಿರುನಾಲಿಗೆಯ ಬಳಿಯ ಮೆದು ಅಂಗುಳ ಮೇಲೆದ್ದು ಮೂಗಿಗೂ ಗಂಟಲಿಗೂ ನಡುವಿನ ದಾರಿ ಮುಚ್ಚುತ್ತದೆ. ಆಗ ಯಂತ್ರಕ್ಕೆ ಸಿಗುವುದು ಶುದ್ಧ ಮೂಗಿನ ಗಾಳಿ. ಇನ್ನೊಂದು ಹೊಳ್ಳೆಗೂ ಹೀಗೆಯೇ. ಸೂಜಿಯಿಲ್ಲ, ರಕ್ತವಿಲ್ಲ, ಅರಿವಳಿಕೆಯಿಲ್ಲ.

ಆದರೆ ‘ಯಂತ್ರ ತೋರಿಸಿದ ಸಂಖ್ಯೆಯೇ ಅಂತಿಮ’ ಎಂದೂ ತಿಳಿಯಬೇಡಿ. ನಿಮಿಷಕ್ಕೆ 77 ನ್ಯಾನೋಲೀಟರಿಗಿಂತ ಕಡಿಮೆಯಿದ್ದರೆ ಶಂಕೆ ಬಲವಾಗುತ್ತದೆ, ನಿಜ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಇನ್ನೊಂದು ಆನುವಂಶಿಕ ಕಾಯಿಲೆ ಇರುವ ಕೆಲವರಲ್ಲೂ ಮಟ್ಟ ಇಳಿದಿರುತ್ತದೆ, ಹಾಗಾಗಿ ಬೆವರಿನ ಪರೀಕ್ಷೆ ಮಾಡಿ ಅದನ್ನು ಬದಿಗಿಡಬೇಕು. ನೆಗಡಿಯ ದಿನಗಳಲ್ಲೂ ಸಂಖ್ಯೆ ಏರುಪೇರಾಗುವುದರಿಂದ ಮೂಗು ಸುಧಾರಿಸಿದ ಮೇಲೆ ಇನ್ನೊಂದು ದಿನ ಮತ್ತೆ ಅಳೆಯುತ್ತಾರೆ. ಕೆಲವು ಜೀನ್‌ಗಳ ದೋಷದಲ್ಲಿ ಪಿಸಿಡಿ ಇದ್ದರೂ ಮಟ್ಟ ಸಹಜವಾಗಿರಬಹುದು. ಆಗ ರಕ್ತ ಅಥವಾ ಎಂಜಲಿನಿಂದ ಜೀನ್ ಪರೀಕ್ಷೆ, ಮೂಗಿನೊಳಗೆ ಪುಟ್ಟ ಬ್ರಷ್ ಆಡಿಸಿ ತೆಗೆದ ಕೋಶಗಳ ಸೂಕ್ಷ್ಮದರ್ಶಕ ಪರೀಕ್ಷೆ ನೆರವಿಗೆ ಬರುತ್ತವೆ. ಈ ರೋಗಕ್ಕೆ ಕಾರಣವಾಗುವ 50ಕ್ಕೂ ಹೆಚ್ಚು ಜೀನ್‌ಗಳು ಗೊತ್ತಾಗಿದ್ದರೂ ಎಲ್ಲವೂ ಇನ್ನೂ ತಿಳಿದಿಲ್ಲ; ಜೀನ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ.

‘ವಾಸಿಯಾಗದ ರೋಗವನ್ನು ಪತ್ತೆ ಮಾಡಿ ಏನು ಪ್ರಯೋಜನ?’ ನನಗೆ ಅತ್ಯಂತ ಸಂಕಟ ತರುವ ಪ್ರಶ್ನೆ ಇದೇ. ಪತ್ತೆಯಾಗದ ಮಗು ಅಸ್ತಮಾ ಎಂದು ವರ್ಷಗಟ್ಟಲೆ ಇನ್‌ಹೇಲರ್ ಎಳೆಯುತ್ತದೆ, ಕೆಲವೊಮ್ಮೆ ಪುರಾವೆಯಿಲ್ಲದೆ ಕ್ಷಯದ ಮಾತ್ರೆ ನುಂಗುತ್ತದೆ. ಅಷ್ಟರಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿರುತ್ತವೆ. ರೋಗ ಗೊತ್ತಾದರೆ ದಿನವೂ ಕಫ ಹೊರತರುವ ಫಿಸಿಯೋಥೆರಪಿ, ಸೋಂಕಿಗೆ ತಕ್ಕ ಆ್ಯಂಟಿಬಯಾಟಿಕ್, ಕಿವಿ ಕೇಳಿಸುವಿಕೆಯ ತಪಾಸಣೆ, ಲಸಿಕೆಗಳಿಂದ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು.

ದಿನ ತುಂಬಿ ಹುಟ್ಟಿದರೂ ಕಾರಣ ತಿಳಿಯದೆ ಉಸಿರಾಟದ ತೊಂದರೆಯಾಗಿತ್ತೇ? ಆರು ತಿಂಗಳೊಳಗೆ ಶುರುವಾದ ಕಫದ ಕೆಮ್ಮು ವರ್ಷವಿಡೀ ಇದೆಯೇ? ಮೂಗು ಕಟ್ಟುವುದೂ ಹಾಗೆಯೇ ಇದೆಯೇ? ಒಳಾಂಗಗಳು ಅದಲುಬದಲಾಗಿವೆಯೇ? ಈ ನಾಲ್ಕರಲ್ಲಿ ಎರಡಕ್ಕೆ ‘ಹೌದು’ ಎಂದಾದರೆ, ಮಕ್ಕಳ ಶ್ವಾಸಕೋಶ ತಜ್ಞರನ್ನು ಕಂಡು ಪಿಸಿಡಿ ಪರೀಕ್ಷೆಯ ಬಗ್ಗೆ ನೀವಾಗಿಯೇ ಕೇಳಿ.