ತೂಬು ಸಾಕೆ, ಏತ ಬೇಕೆ? ಮನೆಯ ಸ್ಟೀರಿಯೋ ಮತ್ತು ಪೂರ್ವವರ್ಧಕ

ಮನೆಯಲ್ಲಿ ಕುಳಿತು ಸಂಗೀತ ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಹಾಡು ಕೇಳಿಸಿದರೆ ಸಾಕು, ಅದು ಯಾವ ಯಂತ್ರದಿಂದ ಬಂದರೇನು ಎನ್ನುವವರು ಕೆಲವರು. ಗಾಯಕನ ಕಂಠಕ್ಕೂ ತಮ್ಮ ಕಿವಿಗೂ ನಡುವೆ ನಿಂತಿರುವ ಉಪಕರಣಗಳು ಯಾವುವು, ಅವು ಆ ಕಂಠವನ್ನು ಏನು ಮಾಡುತ್ತವೆ ಎಂದು ವಿಚಾರಿಸುವವರು ಇನ್ನು ಕೆಲವರು. ಈ ಎರಡನೆಯ ಬಗೆಯವರಲ್ಲಿ 1980ರ ದಶಕದಿಂದ ಈಚೆಗೆ ನಡೆದು ಬಂದಿರುವ ಒಂದು ವಾದವಿದೆ. ಮನೆಯ ಸ್ಟೀರಿಯೋ ವ್ಯವಸ್ಥೆಗೆ ಸಕ್ರಿಯ ಪ್ರಿಆಂಪ್ಲಿಫಯರ್ ಬೇಕೆ, ನಿಷ್ಕ್ರಿಯವಾದದ್ದು ಸಾಕೆ ಎಂಬುದು ಆ ವಾದ. ಇದು ಯಂತ್ರಜ್ಞರ ಜಗಳವೆಂದು ತಳ್ಳಿಹಾಕುವಂತಿಲ್ಲ. ಇಲ್ಲಿ ಆಯ್ಕೆ ತಪ್ಪಿದರೆ ಗರಗರ ಸದ್ದಾಗಲಿ ಒಡಕು ದನಿಯಾಗಲಿ ಕೇಳಿಸಲೇಬೇಕೆಂದಿಲ್ಲ. ಸಂಗೀತದ ಒಂದಂಶವು ತಿಳಿಯದಂತೆ ಕಳೆದುಹೋಗಬಹುದು. ಇದ್ದದ್ದು ಏನೆಂದು ಅರಿಯದವನಿಗೆ ಹೋದದ್ದು ಏನೆಂಬುದೂ ತಿಳಿಯುವುದಿಲ್ಲ. ಈ ಕೆಲವು ನಿಮಿಷಗಳಲ್ಲಿ ಆ ವಾದದ ತಿರುಳನ್ನು ಬಿಡಿಸಿ ನೋಡೋಣ.

ಸ್ಟೀರಿಯೋ ವ್ಯವಸ್ಥೆಯೆಂಬುದು ಒಂದು ಸರಪಳಿ. ಅದರ ಒಂದು ತುದಿಯಲ್ಲಿ ಧ್ವನಿಮುದ್ರಿಕೆಯನ್ನೋ ಟೇಪನ್ನೋ ಕಾಂಪ್ಯಾಕ್ಟ್ ಡಿಸ್ಕನ್ನೋ ನುಡಿಸುವ ಮೂಲಯಂತ್ರ. ಇನ್ನೊಂದು ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಪೀಕರು. ಸ್ಪೀಕರನ್ನು ನುಡಿಸುವ ಶಕ್ತಿಯನ್ನು ಒದಗಿಸುವುದು ಪವರ್ ಆಂಪ್ಲಿಫಯರ್. ಅದಕ್ಕೂ ಮೂಲಯಂತ್ರಕ್ಕೂ ನಡುವೆ ಕುಳಿತು, ಯಾವ ಯಂತ್ರದ ದನಿ ಬೇಕೆಂದು ಆರಿಸುವುದು, ಅದನ್ನು ಎಷ್ಟು ಗಟ್ಟಿಯಾಗಿ ಕೇಳಬೇಕೆಂದು ನಿಯಂತ್ರಿಸುವುದು, ದುರ್ಬಲವಾದ ಸಂಕೇತಕ್ಕೆ ಬಲ ತುಂಬುವುದು, ಇವು ಪ್ರಿಆಂಪ್ಲಿಫಯರಿನ ಕೆಲಸ. ಇದನ್ನು ಪೂರ್ವವರ್ಧಕ ಎಂದು ಕರೆಯೋಣ.

ಎಲ್.ಪಿ. ತಟ್ಟೆಗಳ ಕಾಲದಲ್ಲಿ ಪೂರ್ವವರ್ಧಕವಿಲ್ಲದೆ ಗತಿಯಿರಲಿಲ್ಲ. ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳಿನಿಂದ ಹುಟ್ಟುವ ವಿದ್ಯುತ್ ಸಂಕೇತ ಬಹಳ ಸಣ್ಣದು. ಚಲಿಸುವ ಅಯಸ್ಕಾಂತವುಳ್ಳ ಕಾರ್ಟ್ರಿಜ್ಜಿನಲ್ಲಿ ಅದು ಸುಮಾರು 5 ಮಿಲಿವೋಲ್ಟು. ಚಲಿಸುವ ಸುರುಳಿಯುಳ್ಳದ್ದಾದರೆ ಅದರ ಹತ್ತರಲ್ಲೊಂದು ಪಾಲು. ಇದನ್ನು ನೂರು ಪಟ್ಟು, ಸಾವಿರ ಪಟ್ಟು ಹಿಗ್ಗಿಸಬೇಕು. ಜೊತೆಗೆ, ತಟ್ಟೆಯನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿ ಕೊರೆದಿರುತ್ತಾರೆ. 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮ ಸಂಘವು ಗೊತ್ತುಪಡಿಸಿದ ರೇಖೆಯಲ್ಲಿ ಈ ಏರುತಗ್ಗು ಶ್ರವ್ಯ ವ್ಯಾಪ್ತಿಯ ಎರಡು ಕೊನೆಗಳಲ್ಲೂ ಸುಮಾರು 20 ಡೆಸಿಬೆಲ್ಲಿನಷ್ಟಿದೆ. ನುಡಿಸುವಾಗ ಅದನ್ನು ಮತ್ತೆ ಸಮಮಾಡಬೇಕು. 1967ರಲ್ಲಿ ಇಂಗ್ಲೆಂಡಿನಿಂದ ಬಂದ ಕ್ವಾಡ್ 33ರಂತಹ ಪೂರ್ವವರ್ಧಕಗಳು ಈ ಎಲ್ಲ ಹೊಣೆಯನ್ನೂ ಹೊತ್ತಿದ್ದುವು. ಇಂದಿಗೂ ತಟ್ಟೆಯನ್ನು ಕೇಳುವವರಿಗೆ ಈ ಮೊದಲ ಹಂತದ ವರ್ಧನೆ ತಪ್ಪಿದ್ದಲ್ಲ. ಪ್ರತ್ಯೇಕವಾದ ಫೋನೋ ವರ್ಧಕವೊಂದಿದ್ದಲ್ಲಿ ಮಾತ್ರ ಅವರು ನಿಷ್ಕ್ರಿಯ ಮಾರ್ಗವನ್ನು ಯೋಚಿಸಬಹುದು.

1982ರ ಅಕ್ಟೋಬರಿನಲ್ಲಿ ಜಪಾನಿನ ಪೇಟೆಗೆ ಕಾಂಪ್ಯಾಕ್ಟ್ ಡಿಸ್ಕ್ ಬಂದಾಗ ಲೆಕ್ಕವೇ ಬದಲಾಯಿತು. ಅದರ ಯಂತ್ರದಿಂದ ಹೊರಡುವ ಸಂಕೇತದ ಗರಿಷ್ಠ ಮಟ್ಟ ಸಾಮಾನ್ಯವಾಗಿ 2 ವೋಲ್ಟು. ಇಂದು ಕಂಪ್ಯೂಟರಿನಿಂದಲೂ ಅಂತರಜಾಲದಿಂದಲೂ ಬರುವ ಅಂಕಿಗಳನ್ನು ಸಂಗೀತವಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಪೆಟ್ಟಿಗೆಗಳಲ್ಲೂ ಬಹುಮಟ್ಟಿಗೆ ಇದೇ ಪ್ರಮಾಣ. ಇತ್ತ 1975ರಲ್ಲಿ ಬಂದ ಕ್ವಾಡ್ 405 ಎಂಬ ಪವರ್ ಆಂಪ್ಲಿಫಯರ್ ತನ್ನ ಪೂರ್ಣಶಕ್ತಿಯಾದ 100 ವ್ಯಾಟನ್ನು ಕೊಡಲು ಬೇಡುವುದು ಕೇವಲ ಅರ್ಧ ವೋಲ್ಟು. ಬೇಕಾದುದರ ನಾಲ್ಕರಷ್ಟು, ಎಂದರೆ 12 ಡೆಸಿಬೆಲ್ ಮಿಗಿಲಾದ ಸಂಕೇತ ಮೂಲದಲ್ಲೇ ಇದೆ. ಹೀಗಿರುವಲ್ಲಿ ಹಿಗ್ಗಿಸುವ ಯಂತ್ರವೊಂದನ್ನು ನಡುವೆ ಇಡುವುದೇತಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ನಿಷ್ಕ್ರಿಯ ಪೂರ್ವವರ್ಧಕ. ಅದರ ಪೆಟ್ಟಿಗೆಯಲ್ಲಿ ಮೂಲವನ್ನು ಆರಿಸುವ ಒಂದು ಸ್ವಿಚ್ಚು, ದನಿಯನ್ನು ತಗ್ಗಿಸುವ ಒಂದು ವಾಲ್ಯೂಮ್ ಕಂಟ್ರೋಲು, ಇಷ್ಟೆ. ಟ್ರಾನ್ಸಿಸ್ಟರ್ ಇಲ್ಲ, ವಾಲ್ವು ಇಲ್ಲ, ಗೋಡೆಯ ಪ್ಲಗ್ಗಿನ ಹಂಗಿಲ್ಲ. ವರ್ಧಕವೆಂಬ ಹೆಸರು ಅದಕ್ಕೆ ಉಪಚಾರಕ್ಕೆ ಮಾತ್ರ. ನಮ್ಮ ಹಳ್ಳಿಗಳ ನೀರಾವರಿಯನ್ನು ಬಲ್ಲವರಿಗೆ ಈ ಭೇದವನ್ನು ತಿಳಿಸುವುದು ಸುಲಭ. ನಿಷ್ಕ್ರಿಯವಾದದ್ದು ಕೆರೆಯ ತೂಬು; ಸಕ್ರಿಯವಾದದ್ದು ಏತ. ತೂಬು ನೀರನ್ನು ಮೇಲೆತ್ತಲಾರದು, ಇರುವುದನ್ನು ಬೇಕಾದಷ್ಟು ಬಿಡುತ್ತದೆ. ಕೆರೆ ತುಂಬಿದ್ದು ಗದ್ದೆ ತಗ್ಗಿನಲ್ಲಿದ್ದರೆ ಏತ ಹೂಡುವುದು ವ್ಯರ್ಥಶ್ರಮ. ಆದರೆ ಗದ್ದೆ ಎತ್ತರದಲ್ಲಿದ್ದರೆ ತೂಬನ್ನು ಎಷ್ಟು ತೆರೆದರೂ ಪೈರು ಒಣಗುತ್ತದೆ.

ಆದುದರಿಂದ ಮೊದಲ ವಿಚಾರ ಮಟ್ಟದ್ದು. ಎಲ್ಲ ಪವರ್ ಆಂಪ್ಲಿಫಯರುಗಳೂ ಅರ್ಧ ವೋಲ್ಟಿಗೆ ತೃಪ್ತವಾಗುವುದಿಲ್ಲ. ಒಂದೂವರೆ, ಎರಡು ವೋಲ್ಟನ್ನು ಬೇಡುವುವೂ ಉಂಟು. ಕಾಂಪ್ಯಾಕ್ಟ್ ಡಿಸ್ಕಿನ 2 ವೋಲ್ಟಾದರೂ ಅತ್ಯಂತ ಗಟ್ಟಿಯಾದ ಘಟ್ಟಕ್ಕೆ ಮಾತ್ರ ಸಲ್ಲುವ ಮಾತು. ಮೆಲುದನಿಯ ಆಲಾಪದಲ್ಲಿ ಸಂಕೇತ ಅದರ ಹತ್ತರಲ್ಲೊಂದು ಪಾಲಿಗೆ ಇಳಿಯುವುದು ಅಪರೂಪವೇನಲ್ಲ. ಟೇಪ್ ಯಂತ್ರಗಳಿಂದ ಬರುವುದೋ ಸುಮಾರು ಅರ್ಧ ವೋಲ್ಟು. ಮೂಲ ಬಡವಾಗಿದ್ದು, ಪವರ್ ಆಂಪ್ಲಿಫಯರ್ ಹೆಚ್ಚು ಬೇಡುವಂಥದಾಗಿದ್ದು, ಕೊಠಡಿಯೂ ದೊಡ್ಡದಾಗಿದ್ದರೆ, ಗುಂಡಿಯನ್ನು ಕೊನೆಮುಟ್ಟ ತಿರುಗಿಸಿದರೂ ದನಿ ಸಾಲದೆ ಹೋಗಬಹುದು. ಅಲ್ಲಿ ಏತವೇ ಬೇಕು.

ಎರಡನೆಯ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಗ್ರಾಹಕರು ಮೋಸಹೋಗುವುದೂ ಇಲ್ಲಿಯೇ. ನಡುವೆ ಏನೂ ಇಲ್ಲದಿರುವುದರಿಂದ ನಿಷ್ಕ್ರಿಯ ಪೆಟ್ಟಿಗೆ ಸಂಗೀತಕ್ಕೆ ಏನನ್ನೂ ಮಾಡುವುದಿಲ್ಲವೆಂದು ಅದರ ಅಭಿಮಾನಿಗಳು ಹೇಳುತ್ತಾರೆ. ಆದರೆ ನಡುವೆ ಒಂದು ರೋಧ ಇದೆ. ವಾಲ್ಯೂಮ್ ಕಂಟ್ರೋಲೆಂಬುದೇ ಒಂದು ರೋಧ. ಸಂಕೇತವನ್ನು ಅರ್ಧಕ್ಕೆ ಇಳಿಸಿದ ಸ್ಥಾನದಲ್ಲಿ ಅದರಿಂದ ಹೊರಡುವ ದಾರಿಯ ರೋಧ ಅತ್ಯಧಿಕವಾಗಿದ್ದು, ಒಟ್ಟು ಮೌಲ್ಯದ ನಾಲ್ಕನೆಯ ಒಂದು ಪಾಲಿನಷ್ಟಿರುತ್ತದೆ. 10 ಕಿಲೋ ಓಮಿನದಾದರೆ ಎರಡೂವರೆ ಕಿಲೋ ಓಮ್. 100 ಕಿಲೋ ಓಮಿನದಾದರೆ 25 ಕಿಲೋ ಓಮ್. ಒಳ್ಳೆಯ ಸಕ್ರಿಯ ಪೂರ್ವವರ್ಧಕಗಳಲ್ಲಿ ಇದು ಕೆಲವು ನೂರು ಓಮುಗಳನ್ನು ಮೀರುವುದು ಕಡಿಮೆ. ಗುಂಡಿ ತಿರುಗಿಸಿದಂತೆ ಸಾಮಾನ್ಯವಾಗಿ ಬದಲಾಗುವುದೂ ಇಲ್ಲ.

ಈ ರೋಧ ಒಂದೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಪೂರ್ವವರ್ಧಕದಿಂದ ಮುಂದಕ್ಕೆ ಹೋಗುವ ತಂತಿಗೆ ವಿದ್ಯುತ್ತನ್ನು ಹಿಡಿದಿಡುವ ಗುಣವಿದೆ. ಇದಕ್ಕೆ ಧಾರಕತೆಯೆಂದು ಹೆಸರು. ಸಾಧಾರಣ ತಂತಿಯಲ್ಲಿ ಮೀಟರಿಗೆ ಸುಮಾರು 100 ಪೈಕೋಫ್ಯಾರಡ್. ಒಣಗಿದ ಕಾಲುವೆ ಮೊದಲು ತಾನು ಕುಡಿದು ಆಮೇಲೆ ನೀರನ್ನು ಮುಂದಕ್ಕೆ ಬಿಡುವಂತೆ, ತಂತಿಯೂ ಮೊದಲು ತಾನು ತುಂಬಿಕೊಳ್ಳುತ್ತದೆ. ನಿಧಾನವಾಗಿ ಕಂಪಿಸುವ ಮಂದ್ರಕ್ಕೆ ಇದರಿಂದ ಬಾಧೆಯಿಲ್ಲ. ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ತಾರದ ಕಂಪನಗಳು ಮಾತ್ರ ಅದನ್ನು ತುಂಬಿಸುವುದರಲ್ಲೇ ಸೊರಗುತ್ತವೆ. 10 ಕಿಲೋ ಓಮಿನ ಕಂಟ್ರೋಲೂ 1 ಮೀಟರ್ ತಂತಿಯೂ ಆದರೆ ಈ ಸೊರಗುವಿಕೆ ಶ್ರವ್ಯ ಮಿತಿಯಾದ 20,000 ಹರ್ಟ್ಸಿಗಿಂತ ಬಹುದೂರ, ಕೆಲವು ಲಕ್ಷ ಹರ್ಟ್ಸುಗಳ ಆಚೆಗೆ ಉಳಿಯುತ್ತದೆ. ಅದೇ 100 ಕಿಲೋ ಓಮಿನ ಕಂಟ್ರೋಲಿಗೆ 5 ಮೀಟರ್ ತಂತಿ ಜೋಡಿಸಿದರೆ, ಮೇಲೆ ಹೇಳಿದ ಅರ್ಧದ ಸ್ಥಾನದಲ್ಲಿ, ಸುಮಾರು 13,000 ಹರ್ಟ್ಸಿನಲ್ಲೇ 3 ಡೆಸಿಬೆಲ್ ಇಳಿದು, 20,000 ಮುಟ್ಟುವಾಗ 5 ಡೆಸಿಬೆಲ್ಲಿಗೂ ಹೆಚ್ಚು ನಷ್ಟವಾಗಿರುತ್ತದೆ. ಗುಂಡಿಯ ಸ್ಥಾನ ಬದಲಾದರೆ ನಷ್ಟದ ಪ್ರಮಾಣವೂ ಬದಲು.

ಇದು ಕಿವಿಗೆ ಹೇಗೆ ತೋರುತ್ತದೆ? ತಂಬೂರಿಯನ್ನು ನೆನೆಯಿರಿ. ಕುದುರೆಯ ಮೇಲೆ ತಂತಿಯ ಕೆಳಗೆ ಸರಿಸಿದ ಜೀವಾಳಿಯ ನೂಲು ಸರಿಯಾದ ಜಾಗಕ್ಕೆ ಬಂದಾಗ ಶ್ರುತಿಯ ಸುತ್ತ ಉಪಸ್ವರಗಳು ಅರಳುತ್ತವೆ. ಒಂದೆಳೆ ಆಚೀಚೆಯಾದರೆ ಶ್ರುತಿ ಇದ್ದೂ ಜೀವವಿಲ್ಲ. ತಾರದ ಕೊನೆ ಸವೆದ ವ್ಯವಸ್ಥೆಯಲ್ಲಿ ಆಗುವುದೂ ಇಂಥದೇ. ರಾಗ ಕೆಡುವುದಿಲ್ಲ, ಸಾಹಿತ್ಯ ಮರೆಯಾಗುವುದಿಲ್ಲ. ತಾಳದ ಕಂಚಿನ ಮಿನುಗು, ತಂತಿಯನ್ನು ಮೀಟಿದ ಉಗುರಿನ ಮೊನಚು ತುಸು ಮಾಸುತ್ತವೆ. ಕೇಳುವವನು ಅದನ್ನು ಸೌಮ್ಯವಾದ ನಾದವೆಂದು ಮೆಚ್ಚಿಕೊಳ್ಳಲೂಬಹುದು.

ಹಾಗಾದರೆ ಎಲ್ಲರೂ ಕಡಿಮೆ ರೋಧದ ಕಂಟ್ರೋಲನ್ನೇ ಹಾಕಿಸಿಕೊಳ್ಳಬಾರದೇಕೆ? ಅದರ ಭಾರ ಹಿಂದಿನ ಮೂಲಯಂತ್ರದ ಮೇಲೆ ಬೀಳುತ್ತದೆ. ಮೂಲದ ಒಳರೋಧಕ್ಕಿಂತ ಅದು ಹೊರಬೇಕಾದ ರೋಧ ಹತ್ತು ಪಟ್ಟಾದರೂ ಇರಬೇಕೆಂಬುದು ರೂಢಿಯ ನಿಯಮ. ಇಂದಿನ ಟ್ರಾನ್ಸಿಸ್ಟರ್ ಯಂತ್ರಗಳಿಗೆ 10 ಕಿಲೋ ಓಮ್ ಹೊರೆಯಲ್ಲ. ಆದರೆ ಕೆಲವು ವಾಲ್ವು ಯಂತ್ರಗಳ ಬಾಗಿಲಲ್ಲಿ ಸಣ್ಣ ಕೆಪಾಸಿಟರ್ ಇರುತ್ತದೆ. ಅದು 1 ಮೈಕ್ರೋಫ್ಯಾರಡ್ ಇದ್ದು, ಕಂಟ್ರೋಲೂ ಮುಂದಿನ ಪವರ್ ಆಂಪ್ಲಿಫಯರೂ ತಲಾ 10 ಕಿಲೋ ಓಮಿನವಾದರೆ, ಗುಂಡಿ ಪೂರ್ಣ ತೆರೆದಾಗ ಸುಮಾರು 32 ಹರ್ಟ್ಸಿನಲ್ಲಿ 3 ಡೆಸಿಬೆಲ್ ಇಳಿಯುತ್ತದೆ. ಅದು ಚರ್ಚಿನ ಆರ್ಗನ್ನಿನ ಅತಿಮಂದ್ರ ಸ್ವರಗಳ ಎಡೆ. ಮೇಲಿನದನ್ನು ಉಳಿಸಹೋಗಿ ಕೆಳಗಿನದನ್ನು ಕಳೆದುಕೊಂಡಂತಾಯಿತು.

ಸಕ್ರಿಯ ಪೂರ್ವವರ್ಧಕವಾದರೂ ನಿರ್ದೋಷಿಯಲ್ಲ. ಗುಂಡಿಯ ನಂತರದ ಹಂತಗಳಲ್ಲಿ ಹುಟ್ಟುವ ಹಿಸ್ಸೆಂಬ ಸದ್ದನ್ನು ಗುಂಡಿ ತಗ್ಗಿಸಲಾರದು. ನಡುರಾತ್ರಿ ಮೆಲ್ಲನೆ ಕೇಳುವಾಗ ಅದು ಬೆನ್ನುಹತ್ತುತ್ತದೆ. ಅಗತ್ಯಕ್ಕೆ ಮೀರಿದ ವರ್ಧನೆಯಿದ್ದರೆ ಗುಂಡಿಯನ್ನು ಆರಂಭದ ಅಂಚಿನಲ್ಲೇ ಇರಿಸಬೇಕಾಗುತ್ತದೆ. ಸಾಮಾನ್ಯ ಜೋಡಿ ಕಂಟ್ರೋಲುಗಳಲ್ಲಿ ಎಡಬಲಗಳು ಹೊಂದಿಕೆ ತಪ್ಪುವುದೂ ಆ ಅಂಚಿನಲ್ಲೇ. ಆಗ ನಡುವೆ ಕುಳಿತಿರಬೇಕಾದ ಗಾಯಕ ಒಂದು ಬದಿಗೆ ಸರಿದಂತೆ ಕೇಳಿಸುತ್ತಾನೆ.

ಈ ಎರಡರ ನಡುವೆ ಮಧ್ಯಮ ಮಾರ್ಗಗಳೂ ಇವೆ. ಹಿಗ್ಗಿಸದೆ, ಕೇವಲ ಸಂಕೇತಕ್ಕೆ ಮುಂದಿನ ತಂತಿಯನ್ನು ನಡೆಸುವ ತ್ರಾಣವನ್ನು ಕೊಡುವ ಬಫರ್ ಒಂದನ್ನು ಕಂಟ್ರೋಲಿನ ಬಳಿಕ ಇಡಬಹುದು. ಅಮೆರಿಕದ ನೆಲ್ಸನ್ ಪಾಸ್ ಅವರು 2008ರಲ್ಲಿ ಪ್ರಕಟಿಸಿದ ಬಿ-1 ಎಂಬ ನಕ್ಷೆ ಈ ಬಗೆಯದು. ಕೈಕುಶಲಿಗಳು ಅದನ್ನು ಮನೆಯಲ್ಲೇ ಜೋಡಿಸಿಕೊಂಡದ್ದುಂಟು. ರೋಧದ ಬದಲು ಟ್ರಾನ್ಸ್‌ಫಾರ್ಮರಿನಿಂದ ದನಿಯನ್ನು ತಗ್ಗಿಸುವುದು ಇನ್ನೊಂದು ಉಪಾಯ. ಅದರಲ್ಲಿ ಸಂಕೇತ ಅರ್ಧವಾದಾಗ ಮೂಲದ ರೋಧ ನಾಲ್ಕನೆಯ ಒಂದು ಪಾಲಿಗೆ ಇಳಿದಂತೆ ಕಾಣುತ್ತದೆ. ಬೆಲೆ ಮಾತ್ರ ಹೆಚ್ಚು.

ಇಷ್ಟೆಲ್ಲದರಿಂದ ಮನೆಯ ಮಟ್ಟಿಗೆ ತೆಗೆಯಬಹುದಾದ ತೀರ್ಮಾನ ಸರಳವಾಗಿದೆ. ಅಂಗಡಿಗೆ ಹೋಗುವ ಮುನ್ನ ಯಂತ್ರಗಳೊಡನೆ ಬಂದ ಪುಸ್ತಿಕೆಗಳನ್ನು ತೆರೆದು ಕೆಲವು ಅಂಕಿಗಳನ್ನು ಬರೆದುಕೊಳ್ಳಿ: ಮೂಲಯಂತ್ರ ಕೊಡುವ ವೋಲ್ಟೆಷ್ಟು, ಅದರ ಒಳರೋಧವೆಷ್ಟು, ಪವರ್ ಆಂಪ್ಲಿಫಯರ್ ಬೇಡುವ ವೋಲ್ಟೆಷ್ಟು, ಅದರ ಪ್ರವೇಶರೋಧವೆಷ್ಟು, ನಡುವೆ ತಂತಿ ಎಷ್ಟು ಉದ್ದ. ಕಾಂಪ್ಯಾಕ್ಟ್ ಡಿಸ್ಕೋ ಡ್ಯಾಕೋ ಇದ್ದು, ಪವರ್ ಆಂಪ್ಲಿಫಯರ್ ಒಂದು ವೋಲ್ಟಿನೊಳಗೆ ತೃಪ್ತವಾಗುವಂಥದಾಗಿ, ಅದರ ಪ್ರವೇಶರೋಧ ಐವತ್ತು ಕಿಲೋ ಓಮಿನ ಆಸುಪಾಸಿನಲ್ಲಿದ್ದು, ತಂತಿ ಒಂದೆರಡು ಮೀಟರಿನೊಳಗಿದ್ದರೆ, 10 ಕಿಲೋ ಓಮಿನ ನಿಷ್ಕ್ರಿಯ ಪೆಟ್ಟಿಗೆ ನಿಮ್ಮ ಹಣವನ್ನೂ ಉಳಿಸುತ್ತದೆ, ಸಂಗೀತವನ್ನೂ ಉಳಿಸುತ್ತದೆ. ತಂತಿ ಕೊಠಡಿಯನ್ನು ದಾಟಿ ಹೋಗಬೇಕಾದರೆ, ಮೂಲ ಬಡವಾಗಿದ್ದರೆ, ಸಕ್ರಿಯವಾದದ್ದನ್ನು ಸಂಕೋಚವಿಲ್ಲದೆ ಆರಿಸಿ. ಆದರೆ ಬೇಕಾದಷ್ಟೇ ಹಿಗ್ಗಿಸುವಂಥದನ್ನು ಆರಿಸಿ.

ಶುದ್ಧತೆಯೆಂಬ ಮಾತು ಈ ವಾದದಲ್ಲಿ ಬಹಳ ಬಳಕೆಯಾಗುತ್ತದೆ. ಏನನ್ನೂ ಸೇರಿಸದಿರುವುದನ್ನೇ ಶುದ್ಧತೆಯೆಂದು ತಿಳಿಯುವುದು ವಾಡಿಕೆ. ಏನನ್ನೂ ಕಳೆಯದಿರುವುದೂ ಅದರ ಅರ್ಧಭಾಗವೆಂಬುದನ್ನು ಕೊಳ್ಳುವವರೂ ಮಾರುವವರೂ ನೆನಪಿನಲ್ಲಿಟ್ಟರೆ ಈ ತಕರಾರು ಬಹಳ ಮಟ್ಟಿಗೆ ತೀರುತ್ತದೆ.